ನೀರ್ಗಲ್ಲು ನಡೆದ ದಾರಿ

ಕನ್ನಡ ನಾಡಿನ ಜನರಿಗೆ ಹೆಪ್ಪುಗಟ್ಟಿದ ನೀರಿನ ಪರಿಚಯವಾದುದು ಆಕಾಶದ ಮೂಲಕ. ಚೈತ್ರ ವೈಶಾಖಗಳ ಸಂಧಿಯಲ್ಲಿ, ಕಾದು ಕೆಂಪೇರಿದ ನೆಲದ ಮೇಲೆ ಒಂದು ಅಪರಾಹ್ಣ ಗಾಳಿಯೆದ್ದು, ಮೋಡ ಕವಿದು, ಹೆಂಚುಗಳ ಮೇಲೆ ಪಟಪಟನೆ ಸದ್ದಾಗಿ, ಅಂಗಳದ ತುಂಬ ಬಿಳಿಯ ಗೋಲಿಗಳು ಚೆಲ್ಲಿಕೊಂಡಾಗ ಮಕ್ಕಳು ಓಡಿಹೋಗಿ ಅವನ್ನು ಬೊಗಸೆಯಲ್ಲಿ ಆಯ್ದುಕೊಳ್ಳುತ್ತಿದ್ದರು. ಅಜ್ಜಿಗೆ ತೋರಿಸಬೇಕೆಂದು ಒಳಗೆ ತರುವಷ್ಟರಲ್ಲಿ ಬೊಗಸೆಯಲ್ಲಿ ಉಳಿಯುತ್ತಿದ್ದುದು ಬರಿಯ ನೀರು. ನಮ್ಮ ಹಿರಿಯರು ಇದಕ್ಕೆ ಆಲಿಕಲ್ಲು ಎಂದು ಹೆಸರಿಟ್ಟರು. ತರುವಾಯ ಗ್ರಂಥಭಾಷೆ ನೀರ್ಗಲ್ಲು ಎಂದಿತು, ಶಾಲೆಯ ಪಾಠ ಮಂಜುಗಡ್ಡೆ ಎಂದಿತು, ಪೇಟೆಯ ಮಾತು ಐಸು ಎಂದು ಮುಗಿಸಿತು. ಕಲ್ಲೆಂದರೆ ಶಾಶ್ವತವಾದುದೆಂದು ಶಾಸನಗಳನ್ನು ಕಲ್ಲಿನ ಮೇಲೆ ಕೊರೆಯಿಸಿದ ನಾಡಿನಲ್ಲಿ, ಅಂಗಳದಿಂದ ನಡುಮನೆಯವರೆಗೆ ಸಾಗಿಸಲಾರದ ಈ ಕಲ್ಲು ಒಂದು ವಿಸ್ಮಯವಾಗಿಯೇ ಉಳಿಯಿತು. ಅಂಥ ವಸ್ತುವನ್ನು ಮನುಷ್ಯನು ನೂರಾರು ಹರದಾರಿ ಸಾಗಿಸಿದುದೂ, ಅದರ ನೆರವಿನಿಂದ ಇತರ ವಸ್ತುಗಳನ್ನು ಸಾಗಿಸಿದುದೂ, ಕೊನೆಗೆ ಅದೇ ಸಾಗಾಟಕ್ಕೆ ಅಡ್ಡವಾಗಿ ನಿಂತಾಗ ಅದರೊಡನೆ ಹೋರಾಡಿದುದೂ ಒಂದು ದೀರ್ಘವಾದ ಕಥೆ.

ಆ ಕಥೆಯನ್ನು ಹುಡುಕುವ ಆಸೆ ನನ್ನಲ್ಲಿ ಮೊಳೆತುದು ಪುಣೆಯ ವಾಯವ್ಯಕ್ಕಿರುವ ಮಾವಳ ಸೀಮೆಯ ತಳೇಗಾಂವ ದಾಭಾಡೆಯಲ್ಲಿ, ಜನವರಿ ಕಳೆದು ಫೆಬ್ರವರಿ ಕಾಲಿಡುತ್ತಿದ್ದ ಒಂದು ಬೆಳಗಿನ ಜಾವ. ಗುಲಾಬಿಯ ಪೆಟ್ಟಿಗೆಗಳನ್ನು ತುಂಬಿಕೊಂಡು ಮುಂಬಯಿಗೆ ಹೊರಡಬೇಕಾಗಿದ್ದ ಒಂದು ಶೀತವಾಹನದ ಹಿಂಬಾಗಿಲಲ್ಲಿ ಚಾಲಕನೊಬ್ಬನು ಬ್ಯಾಟರಿಯ ಬೆಳಕನ್ನು ಒಳಮಾಡಿಗೆ ಬಿಟ್ಟು ಬಹಳ ಹೊತ್ತು ನೋಡುತ್ತಿದ್ದನು. ಅವನ ಮಾತಿನ ಧಾಟಿ ವಿಜಯಪುರದ ಕಡೆಯದೆಂದು ತಿಳಿದು, ಏನನ್ನು ನೋಡುತ್ತಿರುವಿರೆಂದು ಕನ್ನಡದಲ್ಲಿಯೇ ಕೇಳಿದೆ. "ಕಾಯಿಲ್‌ಗೆ ಐಸ್ ಹಿಡದೈತೇನು ಅಂತ ನೋಡಾಕತ್ತೀನ್ರಿ ಸಾಹೇಬ್ರ. ಐಸ್ ಹಿಡೀತಂದ್ರ ಗಾಡಿ ತಣ್ಣಗಾಗಂಗಿಲ್ಲ" ಎಂದು ಅವನು ಉತ್ತರ ಕೊಟ್ಟನು. ಮಂಜು ಕಟ್ಟಿದರೆ ಗಾಡಿ ತಣ್ಣಗಾಗದು! ನಾನು ಎರಡು ಬಾರಿ ಕೇಳಿಸಿಕೊಂಡೆ. ತಂಪಿಗೆ ಪರ್ಯಾಯಪದವೆಂದು ನಾವು ಭಾವಿಸಿರುವ ವಸ್ತುವೇ ತಂಪಿಗೆ ಶತ್ರುವಾಗುವುದೆಂದರೆ ಏನು? ಆ ಒಂದು ವಾಕ್ಯದ ಹಿಂದೆ ನಾನೂರು ವರ್ಷಗಳ ಅನುಭವವಿದೆಯೆಂಬುದು ನನಗೆ ತಿಳಿದುದು ಆಮೇಲೆ.

ತಳೇಗಾಂವವು ದಾರಿಯಿಂದ ಹುಟ್ಟಿ ದಾರಿಯಿಂದ ಬೆಳೆದ ಊರು. ಕೊಂಕಣದಿಂದ ಬೋರಘಾಟವನ್ನು ಹತ್ತಿ ಘಟ್ಟದ ಮೇಲಿನ ದೇಶ ಸೀಮೆಗೆ ಬರುವವರಿಗೆ ಖಂಡಾಳ, ಲೋಣಾವಳಗಳ ತರುವಾಯ ಬಯಲು ತೆರೆದುಕೊಳ್ಳುವ ಎಡೆ ಇದು. 1717ರಲ್ಲಿ ಶಾಹೂ ಮಹಾರಾಜರಿಂದ ಸೇನಾಪತಿ ಪದವಿಯನ್ನು ಪಡೆದ ಖಂಡೇರಾವ ದಾಭಾಡೆಯ ಮನೆತನದ ಹೆಸರು ಊರಿನ ಹೆಸರಿಗೆ ಅಂಟಿಕೊಂಡಿತು. ಅವನ ಮಡದಿ ಉಮಾಬಾಯಿಯ ಕೀರ್ತಿ ಈ ಪ್ರಾಂತದಲ್ಲಿ ಇಂದಿಗೂ ಮಾಸಿಲ್ಲ. 1779ರ ಜನವರಿಯಲ್ಲಿ ಮುಂಬಯಿಯ ಇಂಗ್ಲಿಷ್ ಸೈನ್ಯವು ಪುಣೆಯನ್ನು ಹಿಡಿಯಲು ಹೊರಟು, ಸಾವಿರಾರು ಎತ್ತುಗಳ ಸಾಮಾನು ಸರಂಜಾಮಿನ ಭಾರದಿಂದ ಆಮೆಯ ನಡೆಯಲ್ಲಿ ಘಟ್ಟದಿಂದ ಇಲ್ಲಿಯವರೆಗೆ ಬಂದು, ಮುಂದೆ ಹೆಜ್ಜೆಯಿಡಲಾರದೆ, ಭಾರವಾದ ತೋಪುಗಳನ್ನು ಇಲ್ಲಿನ ಕೆರೆಗೆ ತಳ್ಳಿ ರಾತ್ರಿಯಲ್ಲಿ ಹಿಂದಿರುಗಿ, ವಡಗಾಂವದಲ್ಲಿ ಶರಣಾಗತಿಯ ಕರಾರಿಗೆ ಒಪ್ಪಿತು. ಸಾಗಾಟದ ಸೋಲೇ ಯುದ್ಧದ ಸೋಲೂ ಆದ ಪ್ರಸಂಗವದು. 1858ರ ಜೂನ್ 14ರಂದು ಖಂಡಾಳದಿಂದ ಪುಣೆಯವರೆಗಿನ ರೈಲುಮಾರ್ಗ ಈ ಊರನ್ನು ಹಾಯ್ದು ಸಂಚಾರಕ್ಕೆ ತೆರೆಯಿತು. 1863ರಲ್ಲಿ ಬೋರಘಾಟದ ಏರುದಾರಿ ಮುಗಿದು ಮುಂಬಯಿಯೊಡನೆ ಸಂಬಂಧ ಅಖಂಡವಾಯಿತು. 1908ರಲ್ಲಿ, ಒಬ್ಬೊಬ್ಬರಿಂದ ಒಂದೊಂದು ಪೈಸೆಯನ್ನು ಕೂಡಿಸಿದ ಪೈಸಾ ಫಂಡಿನ ಹಣದಿಂದ, ಲೋಕಮಾನ್ಯ ತಿಲಕರ ಬೆಂಬಲದೊಡನೆ ಗಾಜಿನ ಕಾರ್ಖಾನೆಯೊಂದು ಇಲ್ಲಿ ತಲೆಯೆತ್ತಿತು. ಕುಲುಮೆಯ ಬೆಂಕಿಯಿಂದ ಪ್ರಸಿದ್ಧವಾದ ಊರು ಒಂದು ಶತಮಾನದ ತರುವಾಯ ಶೀತಗೃಹಗಳ ಊರಾಗುವುದೆಂದು ಅಂದು ಯಾರು ತಾನೆ ಎಣಿಸಿದ್ದರು?

ಹಿಂದೂಸ್ಥಾನದಲ್ಲಿ ನೀರ್ಗಲ್ಲಿನ ಸಾಗಾಟಕ್ಕೆ ಸವಿವರವಾದ ಲೆಕ್ಕ ದೊರೆಯುವುದು ಅಬುಲ್ ಫಜಲನ ಆಯಿನ್-ಇ-ಅಕ್ಬರಿಯಲ್ಲಿ. ಪಾದಶಹನ ಕುಡಿಯುವ ನೀರಿನ ಇಲಾಖೆಯನ್ನು ವರ್ಣಿಸುತ್ತ ಆತನು ಮೊದಲು ಪೆಟ್ಲುಪ್ಪಿನ ವಿಧಾನವನ್ನು ಹೇಳುತ್ತಾನೆ: ಎರಡೂವರೆ ಸೇರು ಪೆಟ್ಲುಪ್ಪನ್ನು ಐದು ಸೇರು ನೀರಿನಲ್ಲಿ ಕದಡಿ, ಬಾಯಿ ಮುಚ್ಚಿದ ಲೋಹದ ಹೂಜಿಯನ್ನು ಅದರಲ್ಲಿಟ್ಟು ಅರ್ಧ ಘಳಿಗೆಯ ಕಾಲ ತಿರುಗಿಸಿದರೆ ಒಳಗಿನ ನೀರು ತಂಪಾಗುವುದು. ತೋಪಿನ ಮದ್ದಿನಲ್ಲಿ ಸೇರಿ ಬೆಂಕಿಯನ್ನು ಕಾರುವ ಪದಾರ್ಥವೇ ಇಲ್ಲಿ ನೀರನ್ನು ತಣಿಸುವುದನ್ನು ಆತನು ಗುರುತಿಸುತ್ತಾನೆ. 1586ರ ಸುಮಾರಿಗೆ ಅಕ್ಬರನ ಬಿಡಾರ ಪಂಜಾಬಿಗೆ ಸಾಗಿದ ತರುವಾಯ, ಉತ್ತರದ ಪರ್ವತಗಳಿಂದ ಹಿಮವನ್ನೇ ಲಾಹೋರಿಗೆ ತರಿಸುವ ಏರ್ಪಾಡಾಯಿತು. ದೋಣಿಯ ಮೂಲಕ, ಕುದುರೆಗಾಡಿಯ ಮೂಲಕ, ಹೊರೆಯಾಳುಗಳ ಹೆಗಲ ಮೂಲಕ, ಹೀಗೆ ಮೂರು ಬಗೆ. ಈ ಕೆಲಸಕ್ಕೆಂದೇ ಹತ್ತು ದೋಣಿಗಳು, ದೋಣಿಗೆ ನಾಲ್ವರು ಅಂಬಿಗರು, ದಿನಕ್ಕೊಂದು ದೋಣಿ ರಾಜಧಾನಿಯನ್ನು ಮುಟ್ಟಬೇಕೆಂಬ ಕಟ್ಟಳೆ; ಗಾಡಿಯ ದಾರಿಯಲ್ಲಿ ಕುದುರೆಗಳನ್ನು ಬದಲಾಯಿಸಲು ಹದಿನಾಲ್ಕು ಠಾಣೆಗಳು.

ಆ ಲೆಕ್ಕದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದುದು ಒಂದು ಸಣ್ಣ ಸಂಗತಿ. ದೋಣಿಯಲ್ಲಿ ಬರುವ ಹಿಮದ ಒಂದೊಂದು ಕಟ್ಟು ಹವೆಯ ಉಷ್ಣತೆಗೆ ತಕ್ಕಂತೆ ಆರರಿಂದ ಹನ್ನೆರಡು ಸೇರಿನವರೆಗೆ ತೂಗುವುದೆಂದು ಅಬುಲ್ ಫಜಲನು ಬರೆಯುತ್ತಾನೆ. ಒಂದು ಸರಕಿನ ತೂಕವು ಸಾಗುವ ಹಾದಿಯ ಬಿಸಿಲಿನ ಮೇಲೆ ಅವಲಂಬಿಸಿದೆಯೆಂಬುದನ್ನು ಒಪ್ಪಿ, ಅದನ್ನು ಕಳ್ಳತನವೆಂದು ಶಂಕಿಸದೆ, ಲೆಕ್ಕದ ಪುಸ್ತಕದಲ್ಲಿ ಸಹಜವಾದ ಏರಿಳಿತವೆಂದು ನಮೂದಿಸುವುದಕ್ಕೆ ಮುನ್ನ ಎಷ್ಟು ಮಂದಿ ಅಂಬಿಗರು ಎಷ್ಟು ಬೇಸಗೆಗಳಲ್ಲಿ ಬಯ್ಗುಳವನ್ನು ತಿಂದಿರಬೇಕು! ದೋಣಿಯ ದಾರಿಯಲ್ಲಿ ಲಾಭ ಅಧಿಕ, ಗಾಡಿಯಲ್ಲಿ ಅದಕ್ಕಿಂತ ಕಡಿಮೆ, ಹೊರೆಯಾಳುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಎಂಬ ತೀರ್ಮಾನವೂ ಅದೇ ಲೆಕ್ಕದಲ್ಲಿದೆ.

ಬಯಲು ಸೀಮೆಯವರು ಪರ್ವತವನ್ನು ನೆಚ್ಚದೆ ಹೆಪ್ಪು ಹಾಕುವ ಒಂದು ವಿದ್ಯೆಯನ್ನು ತಾವೇ ಸಾಧಿಸಿದ್ದರು. ಅಲಹಾಬಾದಿನ ಸುತ್ತಿನಲ್ಲಿ ಅದನ್ನು ಕಣ್ಣಾರೆ ಕಂಡ ಸರ್ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ 1775ರಲ್ಲಿ ಲಂಡನಿನ ರಾಯಲ್ ಸೊಸೈಟಿಗೆ ಲೇಖನವೊಂದನ್ನು ಕಳುಹಿಸಿದನು. ವಿಶಾಲವಾದ ಬಯಲಿನಲ್ಲಿ ಮೂವತ್ತು ಅಡಿ ಚದರ, ಎರಡಡಿ ಆಳದ ಗುಂಡಿಗಳನ್ನು ತೋಡಿ, ತಳದಲ್ಲಿ ಕಬ್ಬಿನ ಅಥವಾ ಜೋಳದ ಒಣದಂಟನ್ನು ಗೇಣುದ್ದ ಹಾಸಿ, ಅದರ ಮೇಲೆ ಮೆರುಗಿಲ್ಲದ ತೆಳುವಾದ ಮಣ್ಣಿನ ತಟ್ಟೆಗಳನ್ನು ಸಾಲಾಗಿ ಜೋಡಿಸಿ, ಕಾಯಿಸಿ ಆರಿಸಿದ ನೀರನ್ನು ಮುಚ್ಚಂಜೆಯಲ್ಲಿ ಅವುಗಳಿಗೆ ಹೊಯ್ದು ಹೋಗುವರು. ಆಕಾಶ ನಿರ್ಮಲವಾಗಿ, ಗಾಳಿ ಸತ್ತು, ಹುಲ್ಲು ಒಣಗಿದ್ದರೆ, ಅರುಣೋದಯಕ್ಕೆ ಮುಂಚೆ ಬಂದು ನೋಡುವಾಗ ತಟ್ಟೆಗಳಲ್ಲಿ ಹೆಪ್ಪು ಕಟ್ಟಿರುತ್ತಿತ್ತು. ಅದನ್ನು ಬುಟ್ಟಿಗಳಲ್ಲಿ ಹೊತ್ತು, ಆಳವಾದ ಹಗೇವಿನಲ್ಲಿ ಕುಟ್ಟಿ ಗಟ್ಟಿ ಮಾಡಿ, ಹುಲ್ಲು ಕಂಬಳಿಗಳಿಂದ ಮುಚ್ಚಿ ಬೇಸಗೆಗೆ ಕಾದಿಡುವರು. ವಿಸ್ಮಯವೇನೆಂದರೆ, ಆ ರಾತ್ರಿಗಳಲ್ಲಿ ಹವೆಯ ಉಷ್ಣತೆ ನೀರು ಹೆಪ್ಪುಗಟ್ಟುವ ಮಟ್ಟದವರೆಗೆ ಇಳಿಯುತ್ತಲೇ ಇರಲಿಲ್ಲ.

ಇದು ಹೇಗೆ ಸಾಧ್ಯವೆಂದು ಯೂರೋಪಿನ ಪಂಡಿತರು ನಾಲ್ಕು ದಶಕಗಳ ಕಾಲ ಚರ್ಚಿಸಿದರು. ನೀರು ಆವಿಯಾಗುವಾಗ ತಂಪಾಗುವುದೇ ಕಾರಣವೆಂದು ಹಲವರ ವಾದ. 1814ರಲ್ಲಿ ಇಬ್ಬನಿಯ ಮೇಲೆ ಪ್ರಬಂಧವನ್ನು ಪ್ರಕಟಿಸಿದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯನು, ಆವಿಯಾಗುವುದೇ ಕಾರಣವಾದರೆ ಗಾಳಿ ಬೀಸುವ ರಾತ್ರಿ ಹೆಚ್ಚು ಹೆಪ್ಪು ಕಟ್ಟಬೇಕಾಗಿತ್ತು, ಆದರೆ ಅನುಭವ ಅದಕ್ಕೆ ವಿರುದ್ಧವಾಗಿದೆಯೆಂದು ತೋರಿಸಿ, ನೆಲದ ಮೇಲಿನ ವಸ್ತುಗಳು ನಿರಭ್ರವಾದ ಆಕಾಶದ ಕಡೆಗೆ ತಮ್ಮ ಉಷ್ಣವನ್ನು ವಿಕಿರಣರೂಪದಲ್ಲಿ ಚೆಲ್ಲಿ ಹವೆಗಿಂತಲೂ ತಣ್ಣಗಾಗುವುವೆಂದು ಸ್ಥಾಪಿಸಿದನು. ಹುಲ್ಲಿನ ಹಾಸಿಗೆಯ ಮರ್ಮವೂ ಆಗ ತಿಳಿಯಿತು: ಭೂಮಿಯು ತನ್ನ ಬೆಚ್ಚನೆಯ ಒಡಲಿನಿಂದ ತಟ್ಟೆಗೆ ಉಷ್ಣವನ್ನು ಮರಳಿ ಕೊಡದಂತೆ ಅದು ತಡೆಯುತ್ತಿತ್ತು. ಹಿಮದೇಶಗಳ ಹೆದ್ದಾರಿಗಳಲ್ಲಿ ಸೇತುವೆಗಳು ರಸ್ತೆಗಿಂತ ಮೊದಲೇ ಹೆಪ್ಪುಗಟ್ಟಿ ವಾಹನಗಳನ್ನು ಜಾರಿಸುವುವೆಂಬ ಎಚ್ಚರಿಕೆಯ ಫಲಕಗಳನ್ನು ಇಂದು ನಿಲ್ಲಿಸುತ್ತಾರೆ. ರಸ್ತೆಗೆ ಅಡಿಯಲ್ಲಿ ಭೂಮಿಯ ಬಿಸುಪು ಉಂಟು, ಸೇತುವೆಗೆ ಇಲ್ಲ. ಅಲಹಾಬಾದಿನ ನೀರುಗಾರನ ತಟ್ಟೆಗೂ ಆ ಸೇತುವೆಗೂ ಇರುವ ನ್ಯಾಯ ಒಂದೇ. ಹೆಪ್ಪುಗಟ್ಟುವಿಕೆಯ ಶಾಸ್ತ್ರಕ್ಕೆ ನಮ್ಮ ದೇಶದ ಅನಾಮಧೇಯ ಕೂಲಿಗಳು ಕೊಟ್ಟ ಈ ಕಾಣಿಕೆಯನ್ನು ಪಠ್ಯಪುಸ್ತಕಗಳಲ್ಲಿ ಯಾರೂ ನೆನೆಯದಿರುವುದು ನನಗೆ ನೋವಿನ ವಿಷಯ.

ಇಷ್ಟರಲ್ಲಿ ಸಮುದ್ರದಾಚೆಯಿಂದ ಹೊಸ ಸರಕು ಬಂದಿತು. ಅಮೆರಿಕದ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು 1806ರಲ್ಲಿಯೇ ತನ್ನ ನಾಡಿನ ಕೆರೆಗಳ ಮಂಜುಗಡ್ಡೆಯನ್ನು ಮಾರ್ಟಿನಿಕ್ ದ್ವೀಪಕ್ಕೆ ಸಾಗಿಸಿ ನಷ್ಟವನ್ನುಂಡಿದ್ದನು. ಅವನ ಸಹೋದ್ಯೋಗಿ ನಥಾನಿಯಲ್ ವೈಯತ್ ಕುದುರೆ ಎಳೆಯುವ ನೇಗಿಲಿನಂಥ ಯಂತ್ರದಿಂದ ಕೆರೆಯ ಮೈಯನ್ನು ಚೌಕಚೌಕವಾಗಿ ಸೀಳುವ ಉಪಾಯವನ್ನು ಕಂಡುಹಿಡಿದ ಮೇಲೆ, ಒಂದೇ ಅಳತೆಯ ಗಡ್ಡೆಗಳು ಸಂದಿಲ್ಲದಂತೆ ಹೊಂದಿಕೊಂಡು ಹಡಗಿನ ಹೊಟ್ಟೆಯಲ್ಲಿ ಒಂದೇ ಬಂಡೆಯಂತೆ ನಿಂತವು. ಸುತ್ತಲೂ ಗರಗಸದ ಹುಡಿಯನ್ನು ತುಂಬಿದರು. ದೊಡ್ಡ ರಾಶಿಗೆ ಗಾತ್ರ ಹೆಚ್ಚು, ಮೈ ಕಡಿಮೆ, ಕರಗುವುದು ಮೈಯಿಂದಲ್ಲವೆ? ಇದರ ಮೇಲೆ, ಒಂದು ಗ್ರಾಮ್ ಹಿಮ ನೀರಾಗಬೇಕಾದರೆ ಎಂಬತ್ತು ಕ್ಯಾಲೊರಿ ಉಷ್ಣವನ್ನು ಹೀರಬೇಕೆಂಬ ಪ್ರಕೃತಿನಿಯಮವೂ ವರ್ತಕನ ಪಕ್ಷದಲ್ಲಿತ್ತು. 1833ರ ಮೇ ತಿಂಗಳಲ್ಲಿ ಬೋಸ್ಟನ್ನನ್ನು ಬಿಟ್ಟ ಟಸ್ಕನಿ ಎಂಬ ಹಡಗು ಭೂಮಧ್ಯರೇಖೆಯನ್ನು ಎರಡು ಸಲ ದಾಟಿ, ನಾಲ್ಕು ತಿಂಗಳ ಯಾನದ ತರುವಾಯ ಕಲ್ಕತ್ತೆಯನ್ನು ಸೇರಿದಾಗ, ಹೊರಟಾಗ ಇದ್ದ 180 ಟನ್ನುಗಳಲ್ಲಿ ಸುಮಾರು 100 ಟನ್ನು ಉಳಿದಿತ್ತು. ಅಂಗಳದಿಂದ ನಡುಮನೆಗೆ ತರಲಾರದ ಕಲ್ಲು ಅರ್ಧ ಭೂಗೋಳವನ್ನು ಸುತ್ತಿ ಬಂದಿತು.

ಕಲ್ಕತ್ತೆಯ ಬೆನ್ನಲ್ಲೇ ಮುಂಬಯಿಗೂ ಮದರಾಸಿಗೂ ಹಡಗುಗಳು ಬಂದವು. ಮುಂಬಯಿಯಲ್ಲಿ ಜಮ್‌ಶೇಟ್‌ಜಿ ಜೀಜೀಭಾಯಿಯವರು ತಮ್ಮ ಔತಣದಲ್ಲಿ ಐಸ್‌ಕ್ರೀಮನ್ನು ಬಡಿಸಿದರೆಂದೂ, ಉಂಡವರಿಗೆ ನೆಗಡಿಯಾದುದನ್ನು ಪತ್ರಿಕೆ ಬರೆಯಿತೆಂದೂ ಒಂದು ಪ್ರತೀತಿಯುಂಟು. ಮದರಾಸಿನ ಕಡಲ ದಂಡೆಯಲ್ಲಿ 1842ರಲ್ಲಿ ಕಟ್ಟಿದ ಹಿಮಾಗಾರವು ಇಂದಿಗೂ ನಿಂತಿದೆ. ವ್ಯಾಪಾರ ನಿಂತ ತರುವಾಯ ವಾಸಗೃಹವಾಗಿ ಮಾರ್ಪಟ್ಟ ಆ ಕಟ್ಟಡದಲ್ಲಿ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದುದರಿಂದ ಅದೀಗ ಅವರ ಹೆಸರನ್ನು ಹೊತ್ತಿದೆ. ಅಮೆರಿಕದ ವಾಲ್ಡೆನ್ ಕೊಳದ ದಡದಲ್ಲಿ ಏಕಾಂತವಾಸ ಮಾಡುತ್ತಿದ್ದ ಥೋರೋ, ತನ್ನ ಕೊಳದ ಹೆಪ್ಪನ್ನು ಕಡಿದೊಯ್ಯುವ ಕೂಲಿಗಳನ್ನು ನೋಡುತ್ತ, ಅದು ಮುಂಬಯಿ, ಮದರಾಸು, ಕಲ್ಕತ್ತೆಗಳ ಜನರ ಬಾಯಾರಿಕೆಯನ್ನು ತಣಿಸುವುದನ್ನು ಕಲ್ಪಿಸಿ ಬರೆದುದು ಸಾಹಿತ್ಯಪ್ರಿಯರಿಗೆ ತಿಳಿದೇ ಇದೆ.

ಆ ವ್ಯಾಪಾರ ಅಳಿದರೂ ಅದರ ಗುರುತು ಒಂದು ಶಬ್ದದಲ್ಲಿ ಉಳಿದಿದೆ. ಮನೆಗೆ ತರುವ ಎ.ಸಿ. ಯಂತ್ರವನ್ನು ಒಂದು ಟನ್, ಒಂದೂವರೆ ಟನ್ ಎಂದು ಕೊಳ್ಳುತ್ತೇವಲ್ಲ, ಅದು ಯಂತ್ರದ ತೂಕವಲ್ಲ. ಒಂದು ಅಮೆರಿಕನ್ ಟನ್ ಮಂಜುಗಡ್ಡೆ ಇಪ್ಪತ್ತುನಾಲ್ಕು ಗಂಟೆಗಳಲ್ಲಿ ಕರಗುವಾಗ ಎಷ್ಟು ಉಷ್ಣವನ್ನು ಹೀರುವುದೋ ಅಷ್ಟನ್ನು ಹೀರುವ ಶಕ್ತಿಗೆ ಒಂದು ಟನ್ ಎಂದು ಹೆಸರು. ಈಗಿನ ಮಾನದಲ್ಲಿ ಸುಮಾರು ಮೂರೂವರೆ ಕಿಲೋವಾಟ್. ತಳೇಗಾಂವದ ಶೀತಗೃಹಗಳ ಯಂತ್ರಗಳನ್ನು ಅಳೆಯುವುದೂ ಇದೇ ಮಾನದಿಂದ.

ಹಡಗಿನ ಹಿಮವನ್ನು ಸೋಲಿಸಿದುದು ಯಂತ್ರದ ಹಿಮ. 1834ರಲ್ಲಿ ಜೇಕಬ್ ಪರ್ಕಿನ್ಸ್ ಲಂಡನಿನಲ್ಲಿ ಪಡೆದ ಸ್ವಾಮ್ಯಪತ್ರದಿಂದ ಆರಂಭವಾದ ಈ ವಿದ್ಯೆ, ಜರ್ಮನಿಯ ಕಾರ್ಲ್ ಲಿಂಡೆಯ ಅಮೋನಿಯ ಯಂತ್ರಗಳಲ್ಲಿ ಪಕ್ವವಾಗಿ, 1870ರ ದಶಕದಲ್ಲಿ ಮದರಾಸು ಕಲ್ಕತ್ತೆಗಳನ್ನು ಮುಟ್ಟಿತು. 1878ರಲ್ಲಿ ಬಂಗಾಳ ಐಸ್ ಕಂಪನಿ ಹುಟ್ಟಿತು. ನಮ್ಮ ಪೇಟೆಗಳ ಐಸ್ ಕಾರ್ಖಾನೆಗಳಲ್ಲಿ ಇಂದಿಗೂ ಕಾಣುವ ಕ್ರಮ ಆಗಿನದೇ: ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕೆಳಗಿಳಿಸಿದ ಉಪ್ಪುನೀರಿನ ತೊಟ್ಟಿಯಲ್ಲಿ ಸಿಹಿನೀರು ತುಂಬಿದ ತಗಡಿನ ಡಬ್ಬಗಳನ್ನು ಮುಳುಗಿಸಿಡುವುದು. ಹೆಪ್ಪು ಡಬ್ಬದ ಗೋಡೆಯಿಂದ ಒಳಮುಖವಾಗಿ ಬೆಳೆಯುತ್ತ, ನೀರಿನಲ್ಲಿ ಕರಗಿದ ಗಾಳಿಯನ್ನೂ ಲವಣಗಳನ್ನೂ ಮುಂದೆ ಮುಂದೆ ತಳ್ಳಿಕೊಂಡು ಹೋಗಿ ನಡುವಿನಲ್ಲಿ ಸೆರೆಹಿಡಿಯುವುದರಿಂದ ಗಡ್ಡೆಯ ಗರ್ಭ ಬೆಳ್ಳಗೆ ಕಾಣುತ್ತದೆ. ಮುಂದೆ 1934ರಲ್ಲಿ ಫ್ರಂಟಿಯರ್ ಮೇಲ್ ರೈಲಿಗೆ ಹವಾನಿಯಂತ್ರಿತ ಡಬ್ಬಿಯನ್ನು ಜೋಡಿಸಿದಾಗ, ಅದರ ತಂಪಿನ ಮೂಲವೂ ಡಬ್ಬಿಯಡಿಯ ಪೆಟ್ಟಿಗೆಗಳಲ್ಲಿ ತುಂಬಿದ ಇಂಥ ಗಡ್ಡೆಗಳೇ. ದಾರಿಯ ನಿಲ್ದಾಣಗಳಲ್ಲಿ ಇಂಜಿನಿಗೆ ನೀರು ಕುಡಿಸುವಂತೆ ಡಬ್ಬಿಗೆ ಹಿಮವನ್ನು ತುಂಬುತ್ತಿದ್ದರು.

ನಮ್ಮ ಕರಾವಳಿಗೆ ಈ ಗಡ್ಡೆಯಿಂದಾದ ಉಪಕಾರವನ್ನು ಹೇಳದೆ ಮುಂದೆ ಹೋಗಲಾರೆ. ಮಲ್ಪೆ, ಮಂಗಳೂರು, ಕಾರವಾರಗಳ ಮೀನು ಪೂರ್ವದಲ್ಲಿ ಘಟ್ಟವನ್ನು ಹತ್ತಬೇಕಾದರೆ ಉಪ್ಪು ಹಚ್ಚಿಸಿಕೊಂಡು, ಬಿಸಿಲಿಗೆ ಒಣಗಿ ಹತ್ತಬೇಕಾಗಿತ್ತು. ಬಂದರಿನ ಬಗಲಲ್ಲಿ ಐಸ್ ಪ್ಲಾಂಟುಗಳು ಎದ್ದ ಮೇಲೆ, ಪುಡಿಮಾಡಿದ ಹಿಮದ ಪದರುಗಳ ನಡುವೆ ಮಲಗಿದ ಹಸಿಮೀನು ಒಂದೇ ರಾತ್ರಿಯಲ್ಲಿ ಬಯಲುಸೀಮೆಯ ಪೇಟೆಯನ್ನು ಸೇರಿತು. ಆದರೆ ಆ ಲಾರಿಗಳಿಂದ ಸೋರುವ ನೀರು ತಿರುವುಗಳಲ್ಲಿ ಹರಡಿ ದ್ವಿಚಕ್ರ ವಾಹನಗಳು ಜಾರಿ ಬಿದ್ದ ಸಂಗತಿ ಕರಾವಳಿಯವರಿಗೆ ಚೆನ್ನಾಗಿ ಗೊತ್ತು. ಕರಗುವುದು ಹಿಮದ ಧರ್ಮ. ಅದು ಕರಗದೆ ತಂಪನ್ನು ಕೊಡಲಾರದು. ಹಿಮವನ್ನು ಹೊರದೆ ಅದರ ತಂಪನ್ನು ಮಾತ್ರ ಹೊತ್ತೊಯ್ಯಲು ಸಾಧ್ಯವೆ ಎಂಬ ಪ್ರಶ್ನೆ ಇಲ್ಲಿಂದಲೇ ಹುಟ್ಟುತ್ತದೆ.

ಅಮೆರಿಕದಲ್ಲಿ 1940ರ ಸುಮಾರಿಗೆ ಫ್ರೆಡರಿಕ್ ಮೆಕಿನ್ಲಿ ಜೋನ್ಸ್ ಎಂಬ ಕಪ್ಪು ಜನಾಂಗದ ಯಂತ್ರಶಿಲ್ಪಿ, ಬಾಲ್ಯದಲ್ಲಿಯೇ ಅನಾಥನಾಗಿ, ಸ್ವಂತ ಪರಿಶ್ರಮದಿಂದಲೇ ಯಂತ್ರವಿದ್ಯೆಯನ್ನು ಕಲಿತವನು, ರಸ್ತೆಯ ಕುಲುಕಾಟವನ್ನು ತಾಳಿಕೊಳ್ಳುವ ಶೀತಯಂತ್ರವನ್ನು ಲಾರಿಗೆ ಜೋಡಿಸಿ ಈ ಪ್ರಶ್ನೆಗೆ ಉತ್ತರ ಕೊಟ್ಟನು. ಇಂದು ಪೇಟೆಯವರು ರೀಫರ್ ಗಾಡಿ ಎನ್ನುವುದು ಆ ಯಂತ್ರದ ಸಂತತಿ. ಅದಕ್ಕೆ ಎರಡು ದಶಕಗಳಿಗೂ ಹೆಚ್ಚು ಕಾಲ ಮೊದಲು ಕ್ಲಾರೆನ್ಸ್ ಬರ್ಡ್ಸ್‌ಐ ಎಂಬಾತನು ಲ್ಯಾಬ್ರಡಾರಿನಲ್ಲಿ ಹಿಡಿದ ಮೀನು ಅಲ್ಲಿನ ಘೋರ ಚಳಿಯಲ್ಲಿ ಕ್ಷಣಮಾತ್ರದಲ್ಲಿ ಹೆಪ್ಪುಗಟ್ಟಿ, ಕರಗಿಸಿದಾಗ ತಾಜಾತನವನ್ನು ಉಳಿಸಿಕೊಂಡಿರುವುದನ್ನು ಕಂಡಿದ್ದನು. ನಿಧಾನವಾಗಿ ಕಟ್ಟಿದ ಹೆಪ್ಪಿನಲ್ಲಿ ಸ್ಫಟಿಕಗಳು ದೊಡ್ಡವಾಗಿ ಬೆಳೆದು ಜೀವಕೋಶಗಳನ್ನು ಸೀಳುವುವು; ಶೀಘ್ರವಾಗಿ ಕಟ್ಟಿದುದರಲ್ಲಿ ಅವು ಸೂಕ್ಷ್ಮವಾಗಿದ್ದು ಅಪಾಯ ಕಡಿಮೆ. ಮೀನು ಮಾಂಸಗಳಿಗೆ ಈ ಉಪಾಯ ಸಲ್ಲುತ್ತದೆ. ಹೂವಿಗೆ ಸಲ್ಲದು. ಸ್ಫಟಿಕ ದೊಡ್ಡದಿರಲಿ ಚಿಕ್ಕದಿರಲಿ, ಗುಲಾಬಿಯ ಎಸಳಿನೊಳಗೆ ಅದು ಹುಟ್ಟಿತೆಂದರೆ ಹೂವು ಸತ್ತಂತೆಯೇ.

ಹೀಗೆ ನಾವು ಮತ್ತೆ ತಳೇಗಾಂವಕ್ಕೆ ಬಂದೆವು. ಈ ಶತಮಾನದ ಆರಂಭದಲ್ಲಿ ಮಹಾರಾಷ್ಟ್ರದ ಔದ್ಯೋಗಿಕ ವಿಕಾಸ ಮಹಾಮಂಡಳವು ಇಲ್ಲಿ ಪುಷ್ಪೋದ್ಯಾನಗಳಿಗೆಂದೇ ಒಂದು ವಸಾಹತನ್ನು ಏರ್ಪಡಿಸಿತು; ಮಾವಳದ ಇಂದ್ರಾಯಣಿ ತೀರದ ಭತ್ತದ ಗದ್ದೆಗಳಿಂದ ಅನತಿದೂರದಲ್ಲಿ ಪಾಲಿಹೌಸುಗಳ ಬಿಳಿಯ ಮಾಡುಗಳು ಎದ್ದವು. ಕೃಷಿ ಪಣನ ಮಂಡಳಿಯು ಡಚ್ಚರ ಸಹಯೋಗದಿಂದ ಇಲ್ಲಿಯೇ ತೋಟಗಾರಿಕಾ ತರಬೇತಿ ಕೇಂದ್ರವನ್ನೂ, ಅದರೊಡನೆ ಕೊಯ್ಲಿನ ತರುವಾಯದ ತಂತ್ರಜ್ಞಾನವನ್ನು ಬೋಧಿಸುವ ಸಂಸ್ಥೆಯನ್ನೂ ನಡೆಸುತ್ತಿದೆ. ಬೆಳಗಿನಲ್ಲಿ ಕೊಯ್ದ ಗುಲಾಬಿಯನ್ನು ನೀರಿನ ಬಕೆಟ್ಟಿನಲ್ಲಿಟ್ಟು ತಂಪುಕೋಣೆಗೆ ತಂದು, ಅದರ ಮೈಯ ಬಿಸಿಯನ್ನು ಇಳಿಸಿ, ದಂಟಿನ ಉದ್ದಕ್ಕೆ ತಕ್ಕಂತೆ ವಿಂಗಡಿಸಿ, ಇಪ್ಪತ್ತರ ಕಟ್ಟು ಕಟ್ಟಿ, ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬುವರು. ಇರಿಸಬೇಕಾದುದು ಎರಡರಿಂದ ನಾಲ್ಕು ಡಿಗ್ರಿಯ ತಂಪಿನಲ್ಲಿ. ಸೊನ್ನೆಯಿಂದ ಅರ್ಧ ಡಿಗ್ರಿ ಕೆಳಗಿಳಿದರೆ ಎಸಳಿನಲ್ಲಿ ಹೆಪ್ಪು ಕಟ್ಟಲು ತೊಡಗುವುದು. ಮೇಲೇರಿದರೆ ಮೊಗ್ಗು ದಾರಿಯಲ್ಲಿಯೇ ಅರಳುವುದು. ಈ ಎರಡು ಅಪಾಯಗಳ ನಡುವಿನ ಕಾಲುದಾರಿಯಲ್ಲಿ ಹೂವು ಘಟ್ಟವನ್ನಿಳಿದು ಮುಂಬಯಿಯ ವಿಮಾನವನ್ನು ಸೇರಬೇಕು.

ಚಾಲಕನ ಮಾತಿನ ಅರ್ಥ ಇಲ್ಲಿ ತೆರೆದುಕೊಳ್ಳುತ್ತದೆ. ಶೀತವಾಹನದ ಒಳಗೆ ಲೋಹದ ರೆಕ್ಕೆಗಳನ್ನು ಹೊದ್ದ ಸುರುಳಿನಳಿಗೆಯೊಂದಿದ್ದು, ಒಳಗಿನ ಗಾಳಿಯನ್ನು ಪಂಖವು ಅದರ ಮೂಲಕ ಹಾಯಿಸುತ್ತದೆ. ಗಾಳಿ ಎರಡು ಡಿಗ್ರಿಗೆ ಇಳಿಯಬೇಕಾದರೆ ನಳಿಗೆ ಸೊನ್ನೆಗಿಂತ ಕೆಳಗಿರಲೇಬೇಕು; ಹಾಗಿದ್ದಾಗ ಗಾಳಿಯಲ್ಲಿರುವ ತೇವವು ನಳಿಗೆಯ ಮೈಮೇಲೆ ಹೆಪ್ಪಾಗಿ ಕೂಡುತ್ತದೆ. ಈ ಹೆಪ್ಪು ಐಸ್ ಕಾರ್ಖಾನೆಯ ಗಟ್ಟಿಗಡ್ಡೆಯಂತಲ್ಲ. ಹತ್ತಿಯಂತೆ ಬಿರುಸಿಲ್ಲದ, ಗಾಳಿಯನ್ನು ತನ್ನೊಳಗೆ ಸೆರೆಹಿಡಿದ ತೊಗಟೆ. ಆದುದರಿಂದಲೇ ಅದು ಕಂಬಳಿಯ ಕೆಲಸವನ್ನು ಮಾಡುತ್ತದೆ. ನಳಿಗೆಯ ತಂಪು ಹೊರಬಾರದು. ರೆಕ್ಕೆಗಳ ಸಂದುಗಳು ಮುಚ್ಚಿ ಗಾಳಿ ಹರಿಯದು. ಯಂತ್ರ ಮೊರೆಯುತ್ತಲೇ ಇರುವುದು, ಪೆಟ್ಟಿಗೆಯೊಳಗಿನ ಹೂವು ಬೆಚ್ಚಗಾಗುತ್ತ ಹೋಗುವುದು. ಹಡಗಿನ ಗಡ್ಡೆಗಳನ್ನು ಕಾದ ಗರಗಸದ ಹುಡಿಯ ಗುಣವೂ ಇದೇ, ಈ ತೊಗಟೆಯ ದೋಷವೂ ಇದೇ: ನಿಶ್ಚಲವಾದ ಗಾಳಿಯನ್ನು ಹಿಡಿದಿಡುವುದು. ಪರಿಹಾರವಾಗಿ ಆಗಾಗ ತಂಪಿನ ಚಕ್ರವನ್ನು ತಡೆದು, ಸಂಕೋಚಕದ ಬಿಸಿ ಅನಿಲವನ್ನೇ ನಳಿಗೆಗೆ ತಿರುಗಿಸಿ ಹೆಪ್ಪನ್ನು ಕರಗಿಸುವರು. ಇದಕ್ಕೆ ಡಿಫ್ರಾಸ್ಟ್ ಎಂದು ಹೆಸರು. ಎಷ್ಟು ಹೊತ್ತಿಗೊಮ್ಮೆ, ಎಷ್ಟು ನಿಮಿಷ ಕರಗಿಸಬೇಕೆಂಬುದರ ಮೇಲೆ ಇಂಜಿನಿಯರುಗಳು ಇಂದಿಗೂ ಶೋಧನೆ ನಡೆಸುತ್ತಿದ್ದಾರೆ. ಹೆಚ್ಚಾದರೆ ಹೂವಿಗೆ ಬಿಸಿ ತಟ್ಟುವುದು, ಕಡಿಮೆಯಾದರೆ ಮುಂದಿನ ಹೆಪ್ಪು ಹಿಂದಿನ ಹೆಪ್ಪಿನ ಮೇಲೆ ಗಟ್ಟಿಯಾಗಿ ಕೂಡುವುದು.

ನನ್ನ ವಿಜಯಪುರದ ಮಿತ್ರನು ಈ ಶಾಸ್ತ್ರವನ್ನು ಯಾವ ಶಾಲೆಯಲ್ಲಿಯೂ ಓದಿದವನಲ್ಲ. ಆದರೂ ಹೂವನ್ನು ಸರಿಯಾಗಿ ತಣಿಸದೆ ತುಂಬಿದ ದಿನ ಅದರ ಉಸಿರಿನ ತೇವವೇ ಸುರುಳಿಗೆ ಅಂಟುವುದೆಂದು ಅವನು ಬಲ್ಲನು. ಘಟ್ಟದ ಮೇಲಿನ ಒಣಹವೆಯಲ್ಲಿ ಬಾಗಿಲು ತೆರೆದರೆ ಬಾಧೆ ಅಲ್ಪವೆಂದೂ, ಘಟ್ಟವನ್ನಿಳಿದು ಪನವೇಲಿನ ಆಚೆ ಕಡಲಗಾಳಿಯಲ್ಲಿ ಐದು ನಿಮಿಷ ತೆರೆದಿಟ್ಟರೆ ಸುರುಳಿ ಬೆಳ್ಳಗಾಗುವುದೆಂದೂ ಬಲ್ಲನು. "ಬಾಗಲಾ ತೆಗಿಯೋದಕ್ಕ ಮೊದಲ ಪಂಖಾ ಬಂದ್ ಮಾಡಬೇಕ್ರಿ. ಇಲ್ಲಂದ್ರ ಹೊರಗಿನ ಹಸಿ ಗಾಳಿ ಅದಾ ಎಳಕೊಂತೈತಿ" ಎಂದು ಅವನು ನನಗೆ ಪಾಠ ಹೇಳಿದನು. ಒಂದು ವರ್ಷ, ನೀರು ಹೊರಹೋಗುವ ತೂತೇ ಹೆಪ್ಪಿನಿಂದ ಮುಚ್ಚಿಹೋಗಿ, ಕರಗಿದ ನೀರು ಪೆಟ್ಟಿಗೆಗಳ ಮೇಲೆ ಸುರಿದು ಒಂದಿಡೀ ಗಾಡಿಯ ಹೂವು ಹಾಳಾಯಿತಂತೆ. ಅಂದಿನಿಂದ ಹೊರಡುವ ಮುನ್ನ ಆ ತೂತಿಗೆ ತಂತಿಯನ್ನು ಹಾಯಿಸಿ ನೋಡುವುದು ಅವನ ನಿತ್ಯವಿಧಿ. ತಂತಿಯನ್ನು ಮಡಿಸಿ ಸೀಟಿನ ಕೆಳಗೆ ಇಟ್ಟುಕೊಂಡಿರುವುದನ್ನು ನನಗೆ ತೋರಿಸಿದನು.

ಆ ಹೂವು ಮುಂದೆ ಹೋಗಿ ಇಳಿಯುವುದು ಚಳಿಗಾಲದ ಯೂರೋಪಿನಲ್ಲಿ. ಅಲ್ಲಿ ಹಿಮದೊಡನೆ ಮತ್ತೊಂದು ಮುಖಾಮುಖಿ. ಸೊನ್ನೆಗಿಂತ ಕೆಳಗಿಳಿದರೂ ದ್ರವವಾಗಿಯೇ ಉಳಿದ ಮೋಡದ ಹನಿಗಳು ವಿಮಾನದ ರೆಕ್ಕೆಯನ್ನು ಮುಟ್ಟಿದೊಡನೆ ಹೆಪ್ಪಾಗಿ, ರೆಕ್ಕೆಯ ಆಕಾರವನ್ನು ಕೆಡಿಸಿ, ಎತ್ತುವ ಶಕ್ತಿಯನ್ನು ಕುಂದಿಸುವುವು. ಇದನ್ನು ಪರೀಕ್ಷಿಸಲೆಂದೇ 1944ರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಹಿಮದ ಗಾಳಿಸುರಂಗವೊಂದನ್ನು ಕಟ್ಟಿದರು. ನೆಲದ ಮೇಲೆ ನಿಂತ ವಿಮಾನಗಳಿಗೆ ಗ್ಲೈಕಾಲ್ ದ್ರಾವಣವನ್ನು ಎರಚಿದ ಮೇಲೆಯೇ ಹಾರಲು ಬಿಡುವರು. ನಮ್ಮ ದೇಶದಲ್ಲಿ ಹಿಮಾಲಯದ ದಾರಿಗಳಿಗಾಗಿ 1969ರಲ್ಲಿ ಮನಾಲಿಯಲ್ಲಿ ಸ್ಥಾಪಿತವಾದ ಹಿಮ ಮತ್ತು ಹಿಮಪಾತ ಅಧ್ಯಯನ ಸಂಸ್ಥೆಯು ಅರ್ಧಶತಮಾನ ಕಾಲ ದುಡಿದು, 2020ರಲ್ಲಿ ಮತ್ತೊಂದು ಸಂಸ್ಥೆಯೊಡನೆ ವಿಲೀನವಾಯಿತು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮದಡಿಯಲ್ಲಿ ಆರು ದಿನ ಜೀವ ಹಿಡಿದು, ಹೊರಬಂದ ಬಳಿಕ ದೆಹಲಿಯಲ್ಲಿ ಪ್ರಾಣಬಿಟ್ಟ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರನ್ನು ನೆನೆಯುವ ಕನ್ನಡಿಗರಾರೂ ಅಂಥ ಅಧ್ಯಯನವನ್ನು ದೂರದ ಸಂಗತಿಯೆಂದು ಭಾವಿಸಲಾರರು.

ಲಾಹೋರಿನ ಅಂಬಿಗರು ತಂದ ಹಿಮದ ಲೆಕ್ಕವನ್ನು ಅಬುಲ್ ಫಜಲನು ಬರೆದಿಟ್ಟನು. ಅಲಹಾಬಾದಿನ ನೀರುಗಾರರ ತಟ್ಟೆಯ ಆಳವನ್ನೂ ಹುಲ್ಲಿನ ದಪ್ಪವನ್ನೂ ಬಾರ್ಕರನು ಬರೆದಿಟ್ಟನು. ಬರೆದಿಟ್ಟುದರಿಂದಲೇ ವೆಲ್ಸನಿಗೆ ಅದು ಆಧಾರವಾಯಿತು. ಬೋರಘಾಟದ ಮೇಲೆ ಕೆಳಗೆ ನಿತ್ಯವೂ ಶೀತವಾಹನಗಳನ್ನು ನಡೆಸುತ್ತ, ಯಾವ ಋತುವಿನಲ್ಲಿ ಯಾವ ತಿರುವಿನ ತರುವಾಯ ಸುರುಳಿಗೆ ಮಂಜು ಹಿಡಿಯುವುದೆಂಬುದನ್ನು ಕಂಡುಂಡ ಚಾಲಕರ ತಿಳಿವಳಿಕೆ ಮಾತ್ರ ಅವರ ಬಾಯಿಯಲ್ಲಿಯೇ ಇದೆ. ತಳೇಗಾಂವದಲ್ಲಿ ಈ ವಿದ್ಯೆಯನ್ನು ಬೋಧಿಸುವ ಮಹನೀಯರಲ್ಲಿ ನನ್ನದೊಂದು ಬಿನ್ನಹ: ವರ್ಷಕ್ಕೆರಡು ದಿನ, ಚೈತ್ರದಲ್ಲೊಮ್ಮೆ ಶ್ರಾವಣದಲ್ಲೊಮ್ಮೆ, ಈ ಚಾಲಕರನ್ನು ಗೌರವದಿಂದ ಕರೆದು ಕುಳ್ಳಿರಿಸಿ, ಅವರು ಹೇಳುವುದನ್ನು ಬರೆದುಕೊಳ್ಳಬೇಕು, ಮರಾಠಿಯಲ್ಲಿ ಹೇಳಿದರೆ ಮರಾಠಿಯಲ್ಲಿ, ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿಯೇ ಬರೆದುಕೊಳ್ಳಬೇಕು.